ಮಾಗಿ ಚಳಿಯಲ್ಲಿ ಹಳೇ ಟ್ರ್ಯಾಕ್ಟರ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ದೀಪಾವಳಿ ಕಳೆದು ಚಳಿ ಶುರುವಾದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಟ್ರ್ಯಾಕ್ಟರ್ ಬೆಳಿಗ್ಗೆ ಸ್ಟಾರ್ಟೇ ಆಗೋದಿಲ್ಲ. ಹೇಗೋ ಸ್ಟಾರ್ಟ್ ಆದರೂ ಬಿಳಿ ಹೊಗೆ ಬಿಟ್ಟುಕೊಂಡು ಕುಂಟುತ್ತದೆ. ಬಿಸಿಲೇರಿದ ಮೇಲೆ ಚೆನ್ನಾಗೇ ಓಡುತ್ತದೆ. ಎಂಜಿನ್ ಬಿಚ್ಚಿಸಬೇಕಾ?"

ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಬಿಸಿಯಾದ ಮೇಲೆ ಸರಿಯಾಗಿ ದುಡಿಯುವ ಎಂಜಿನ್‌ನಲ್ಲಿ ತೊಂದರೆ ಹೆಚ್ಚಾಗಿ ಹೊರಗಡೆಯೇ ಇರುತ್ತದೆ. ಬ್ಯಾಟರಿ ವೈರು, ಡೀಸೆಲ್ ಪೈಪು, ಯಾರೋ ತೆಗೆದು ಎಸೆದ ಥರ್ಮೋಸ್ಟಾಟ್, ಇಂಥವು. ಖರ್ಚಿಲ್ಲದ ತಪಾಸಣೆ ಮೊದಲು, ಖರ್ಚಿನದು ಕೊನೆಗೆ. ಈ ಕ್ರಮ ಒಂದನ್ನು ಬಿಡದೆ ಹಿಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ನಾನು ಹೇಳುತ್ತಿರುವುದು ಇಪ್ಪತ್ತು, ಮೂವತ್ತು ವರ್ಷ ದುಡಿದ ಗಾಡಿಗಳ ಬಗ್ಗೆ. ಮ್ಯಾಸ್ಸಿ 1035, ಮಹೀಂದ್ರಾ 265, ಸ್ವರಾಜ್ 735, ಎಚ್‌ಎಂಟಿ 2511, ಫೋರ್ಡ್ 3600 ತರದವು. ಸೆನ್ಸರ್, ಕಂಪ್ಯೂಟರ್ ಇರುವ ಹೊಸ ಗಾಡಿಗಳಿಗೆ ಇದರಲ್ಲಿ ಕೆಲವು ಮಾತು ಮಾತ್ರ ಹೊಂದುತ್ತವೆ.

ಚಳಿಗೂ ಎಂಜಿನ್ನಿಗೂ ಏನು ಸಂಬಂಧ

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲೇರುವಾಗ ಗಾಳಿಯನ್ನು 16ರಿಂದ 18 ಪಟ್ಟು ಅದುಮುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದೆ ಅಲ್ವಾ? ಹಾಗೇ ಇಲ್ಲಿ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಆ ಬಿಸಿಗಾಳಿಗೆ ನಾಝಲ್ ಡೀಸೆಲ್ ಎರಚುತ್ತದೆ. ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಇದಕ್ಕೆ ಎಂಜಿನ್ ಜೋರಾಗಿ ತಿರುಗಬೇಕು. ಗಾಳಿ ಸೋರಬಾರದು. ಡೀಸೆಲ್ ಹೊತ್ತಿಗೆ ಸರಿಯಾಗಿ, ಮಂಜಿನ ಹಾಗೆ ಬೀಳಬೇಕು. ತಣ್ಣಗಾದ ಸಿಲಿಂಡರ್ ಗೋಡೆ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಆಯಿಲ್ ಗಟ್ಟಿಯಾಗಿ ಎಂಜಿನ್ ನಿಧಾನಕ್ಕೆ ತಿರುಗುತ್ತದೆ. ನಿಧಾನಕ್ಕೆ ತಿರುಗಿದಷ್ಟೂ ಗಾಳಿ ಸೋರುವುದಕ್ಕೆ ಸಮಯ ಸಿಗುತ್ತದೆ.

ಆದರೂ ಒಂದು ಮಾತು. ಬೀದರ್, ಕಲಬುರಗಿ, ವಿಜಯಪುರದ ಕಡೆ ಕೆಲವು ಬೆಳಿಗ್ಗೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ, ನಿಜ. ಆದರೆ ಇದೇ ಟ್ರ್ಯಾಕ್ಟರುಗಳು ಪಂಜಾಬಿನ 3-4 ಡಿಗ್ರಿ ಚಳಿಯಲ್ಲೂ ದುಡಿಯುತ್ತವೆ. ನಮ್ಮ ಗಾಡಿ 12 ಡಿಗ್ರಿಗೇ ಮುಷ್ಕರ ಹೂಡಿದರೆ ಎಲ್ಲೋ ಏನೋ ಸವೆದಿದೆ, ಸಡಿಲವಾಗಿದೆ ಅಥವಾ ಕಟ್ಟಿಕೊಂಡಿದೆ. ಆ ದೋಷ ಬೇಸಿಗೆಯಲ್ಲೂ ಇತ್ತು. ಬಿಸಿಲಿನ ಶಾಖ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ.

ಏನೇನು ಬೇಕು

ಪಾನಾ ಸೆಟ್, ಸ್ಕ್ರೂಡ್ರೈವರ್, ತಂತಿ ಬ್ರಷ್, ಉಪ್ಪುಕಾಗದ, ಹತ್ತಿ ಬಟ್ಟೆ, ಡೀಸೆಲ್ ಹಿಡಿಯಲು ಒಂದು ಡಬ್ಬ, ಒಂದು ಗಾಜಿನ ಬಾಟಲಿ, ಹೊಸ ಡೀಸೆಲ್ ಫಿಲ್ಟರುಗಳು. ಇವುಗಳ ಜೊತೆ ಒಂದು ಮಲ್ಟಿಮೀಟರ್ ಇರಲಿ. ವೋಲ್ಟ್ ಅಳೆಯುವ ಸಣ್ಣ ಪೆಟ್ಟಿಗೆ ಅದು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದೆ ಬ್ಯಾಟರಿ ಬಗ್ಗೆ ಏನು ಹೇಳಿದರೂ ಊಹೆಯೇ.

ಕೈ ಹಾಕುವ ಮೊದಲು ಇಷ್ಟು ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ಹಾಕಿ ಲಾಕ್ ಮಾಡಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಫ್ಯಾನ್ ಬೆಲ್ಟಿಗೆ ಸಿಕ್ಕಿದರೆ ಕುತ್ತಿಗೆ ಎಳೆದುಬಿಡುತ್ತದೆ. ಶೆಡ್ ಒಳಗಾದರೆ ಬಾಗಿಲು ಪೂರ್ತಿ ತೆರೆದಿಡಿ, ಎಂಜಿನ್ ಹೊಗೆಗೆ ಜೀವ ತೆಗೆಯುವ ಶಕ್ತಿ ಇದೆ.

ಒಂದನ್ನು ಕೈಮುಗಿದು ಕೇಳುತ್ತೇನೆ. ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟಾರನ್ನು, ಅಂದರೆ ಎಂಜಿನ್ ತಿರುಗಿಸುವ ಮೋಟಾರನ್ನು, ಶಾರ್ಟ್ ಮಾಡಿ ಸ್ಟಾರ್ಟ್ ಮಾಡಬೇಡಿ. ಗೇರಿನಲ್ಲಿದ್ದರೆ ಗಾಡಿ ಸ್ಟಾರ್ಟ್ ಆದ ಕ್ಷಣವೇ ಮುನ್ನುಗ್ಗುತ್ತದೆ. ನೀವು ನಿಂತಿರುವ ಜಾಗ ಹಿಂದಿನ ದೊಡ್ಡ ಚಕ್ರದ ದಾರಿಯಲ್ಲೇ ಇರುತ್ತದೆ.

1. ಸೆಲ್ಫ್ ಸದ್ದು ಕೇಳಿ, ಹೊಗೆ ನೋಡಿ

ರಾತ್ರಿಯಿಡೀ ನಿಂತ, ಪೂರ್ತಿ ತಣ್ಣಗಿರುವ ಗಾಡಿಯ ಮೇಲೇ ಈ ಪರೀಕ್ಷೆ ಮಾಡಬೇಕು. ಒಬ್ಬರು ಸೀಟಿನಲ್ಲಿ ಕೂತು ಸೆಲ್ಫ್ ಹೊಡೆಯಲಿ, ನೀವು ಸೈಲೆನ್ಸರ್ ಕಡೆ ಕಣ್ಣಿಟ್ಟು ನಿಲ್ಲಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು. ಆಮೇಲೆ ಒಂದೆರಡು ನಿಮಿಷ ಬಿಡುವು ಕೊಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರಿನ ಕಾಯಿಲ್ ಸುಡುತ್ತದೆ.

ಸೆಲ್ಫ್ "ಗ್ರೂ... ಗ್ರೂ..." ಎಂದು ಎಳೆದೆಳೆದು ತಿರುಗಿದರೆ 2 ಮತ್ತು 3ನೇ ಹಂತಕ್ಕೆ ಹೋಗಿ.

ಸೆಲ್ಫ್ ಜೋರಾಗಿ ತಿರುಗಿಯೂ ಸೈಲೆನ್ಸರಿನಲ್ಲಿ ಸ್ವಲ್ಪವೂ ಹೊಗೆ ಇಲ್ಲವೇ? ಹಾಗಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. 4 ಮತ್ತು 5ನೇ ಹಂತ ನಿಮ್ಮದು.

ಜೋರಾಗಿ ತಿರುಗುತ್ತದೆ, ಬಿಳಿ ಹೊಗೆಯೂ ಬರುತ್ತದೆ, ಆದರೆ ಹಿಡಿಯುವುದಿಲ್ಲ. ಡೀಸೆಲ್ ಒಳಗೆ ಬೀಳುತ್ತಿದೆ, ಹೊತ್ತುತ್ತಿಲ್ಲ ಎಂದು ತಿಳಿಯಿರಿ. ಸ್ಟಾರ್ಟ್ ಆಗಿ ಹತ್ತು ನಿಮಿಷ ಕುಂಟಿ ಆಮೇಲೆ ಸರಿಹೋಗುವ ಗಾಡಿಯದೂ ಇದೇ ಜಾತಿಯ ತೊಂದರೆ. ಇವೆರಡಕ್ಕೂ 6ರಿಂದ 9.

ಸ್ಟಾರ್ಟ್ ಆಗಿ ಎರಡು ಮೂರು ನಿಮಿಷಕ್ಕೆ ಉಸಿರು ಕಟ್ಟಿದ ಹಾಗೆ ನಿಂತುಹೋದರೆ ಮತ್ತೆ 4ನೇ ಹಂತವೇ.

ಹೊಗೆಯಲ್ಲೂ ವ್ಯತ್ಯಾಸ ಇದೆ. ಕಣ್ಣು ಉರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಅಂದರೆ ಸುಡದ ಡೀಸೆಲ್. ಕಣ್ಣು ಉರಿಸದ, ತೆಳುವಾಗಿ ಕರಗಿಹೋಗುವ ಬಿಳಿ ಅಂದರೆ ನೀರಿನ ಆವಿ. ಅದು ಚಳಿಯಲ್ಲಿ ಮೊದಲ ಐದು ನಿಮಿಷ ಸಹಜ. ಬಿಸಿಯಾದ ಮೇಲೂ ನಿಲ್ಲದೆ, ಜೊತೆಗೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸಂಶಯಪಡಿ. ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಹಾಳೆ ಅದು. ನೀಲಿ ಹೊಗೆ ಆಯಿಲ್ ಸುಡುವುದರ ಗುರುತು.

ಇನ್ನೊಂದು ಸಣ್ಣ ವಿಷಯವನ್ನು ಈಗಲೇ ನೋಡಿಬಿಡಿ. ಎಂಜಿನ್ ನಿಲ್ಲಿಸುವ ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗಿದೆಯಾ? ಚಳಿಗೆ ಆ ಕೇಬಲ್ಲಿನ ಗ್ರೀಸು ಗಟ್ಟಿಯಾಗಿ ಅರ್ಧಕ್ಕೇ ನಿಂತಿರುತ್ತದೆ. ನಾಬ್ ಒಳಗಿದ್ದರೂ ಡೀಸೆಲ್ ಪಂಪಿನ (ನಾಝಲ್‌ಗೆ ಡೀಸೆಲ್ ಒತ್ತುವ ಪಂಪು) ಹತ್ತಿರದ ಲಿವರ್ ವಾಪಸ್ ಬಂದಿರುವುದಿಲ್ಲ. ಲಿವರನ್ನೇ ಕೈಯಲ್ಲಿ ಆಡಿಸಿ ನೋಡಿ.

2. ಬ್ಯಾಟರಿ, ವೈರು, ಅರ್ತ್

ಅರ್ಧಕ್ಕರ್ಧ ಗಾಡಿಗಳ ಕಥೆ ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಅವಸರ ಬೇಡ.

ರಾತ್ರಿ ನಿಂತ ಗಾಡಿಯ ಬ್ಯಾಟರಿಗೆ ಬೆಳಿಗ್ಗೆ, ಕೀ ತಿರುಗಿಸುವ ಮೊದಲೇ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಇಳಿದಿದ್ದರೆ ಆ ಬ್ಯಾಟರಿಯಿಂದ ಚಳಿಯಲ್ಲಿ ಏನನ್ನೂ ಕೇಳಬೇಡಿ, ಮೊದಲು ಚಾರ್ಜಿಗೆ ಹಾಕಿ.

ಈಗ ಸೆಲ್ಫ್ ಹೊಡೆಯುವಾಗ ಮತ್ತೆ ಅಳೆಯಿರಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ. ಬೇರೆ ಒಳ್ಳೆಯ ಬ್ಯಾಟರಿ ಜೋಡಿಸಿ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ. ಮೋಟಾರ್ ಆದರೆ ಅದರ ಬುಷ್ ಮತ್ತು ಕಾರ್ಬನ್ ಬದಲಿಸಿದರೆ ಸಾಮಾನ್ಯವಾಗಿ ಸಾಕು.

ಎಂಜಿನ್ ಓಡುವಾಗ, ಅರ್ಧ ಆಕ್ಸಿಲರೇಟರ್‌ನಲ್ಲಿ, ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ತೋರಿಸಬೇಕು. 12.5ರಲ್ಲೇ ನಿಂತಿದ್ದರೆ ಡೈನಮೋ ಅಥವಾ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಬೆಲ್ಟ್ ಸಡಿಲವಿದೆಯಾ ಎಂದು ಮೊದಲು ನೋಡಿ.

ಇನ್ನು ಬಹಳ ಜನ ಎಡವುವ ಜಾಗ. ಬ್ಯಾಟರಿ ಚೆನ್ನಾಗಿದ್ದರೂ ಕರೆಂಟ್ ಸೆಲ್ಫ್ ತನಕ ತಲುಪದೇ ಇರಬಹುದು. ಒಂದು ಚಳಿಗಾಲ ನಾನೂ ಹೊಸ ಬ್ಯಾಟರಿ ತಂದು ಕೂರಿಸಿದೆ, ಮರುದಿನವೂ ಅದೇ ಪಾಡು. ಬ್ಯಾಟರಿಯ ಅರ್ತ್ ವೈರು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ, ಕೂತಿದ್ದ ಬೋಲ್ಟಿನ ಕೆಳಗೆ ಬಣ್ಣ ಮತ್ತು ತುಕ್ಕು ಸೇರಿಕೊಂಡಿತ್ತು.

ಇದನ್ನು ಹಿಡಿಯುವುದು ಸುಲಭ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಕಬ್ಬಿಣದ ಮೇಲೆ ಒತ್ತಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ. ಹಾಗೇ ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಹಿಡಿದು ನೋಡಿ, ಅಲ್ಲೂ ಅದೇ ಲೆಕ್ಕ. ಮೀಟರ್ ಇಲ್ಲದಿದ್ದರೆ ಎರಡು ಮೂರು ಸಲ ಸೆಲ್ಫ್ ಹೊಡೆದು ಒಂದೊಂದೇ ಜೋಡಣೆಯನ್ನು ಹುಷಾರಾಗಿ ಮುಟ್ಟಿ. ಬಿಸಿಯಾದ ಜೋಡಣೆಯೇ ಕಳ್ಳ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು, ಮುಚ್ಚಳ ಬಿಗಿಯಾಗಿರಲಿ. ಎಲ್ಲ ಜೋಡಣೆ ಬಿಚ್ಚಿ, ಹೊಳೆಯುವ ತನಕ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲಿನ್ ಸವರಿ. ಬಿಚ್ಚುವಾಗ ಅರ್ತ್ ಮೊದಲು, ಹಾಕುವಾಗ ಅರ್ತ್ ಕೊನೆಗೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೋರ್‌ವೆಲ್ ನೀರು ಹಾಕಬೇಡಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ, ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ.

ಬಹಳ ಹಳೇ ಗಾಡಿಗಳಲ್ಲಿ ಕೆಲವಕ್ಕೆ ಪ್ಲಸ್ಸೇ ಅರ್ತ್ ಆಗಿರುತ್ತದೆ. ಬೇರೆ ಗಾಡಿಯಿಂದ ವೈರು ಎಳೆಯುವ ಮೊದಲು ಯಾವ ತುದಿ ಚಾಸಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ. ಎರಡೂ ಗಾಡಿಯದು ಮೈನಸ್ ಅರ್ತ್ ಆದರೆ ಪ್ಲಸ್‌ಗೆ ಪ್ಲಸ್ ಕೊಟ್ಟು, ಮೈನಸ್ ವೈರಿನ ಕೊನೆಯ ತುದಿಯನ್ನು ನಿಮ್ಮ ಎಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ ಹಿಡಿಯಿರಿ.

3. ಎಂಜಿನ್ ಆಯಿಲ್

ಡಬ್ಬದ ಮೇಲೆ 20ಡಬ್ಲ್ಯೂ-40, 15ಡಬ್ಲ್ಯೂ-40 ಎಂದು ಬರೆದಿರುತ್ತದೆ. ಡಬ್ಲ್ಯೂ ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಆಯಿಲ್ ತೆಳುವಾಗಿ ಹರಿಯುತ್ತದೆ. ಬರೀ "40" ಎಂದಿರುವ ಆಯಿಲ್ ಹಾಕಿದ್ದರೆ ಬೆಳಿಗ್ಗೆ ಅದು ಕಾಕಂಬಿಯ ಹಾಗಿರುತ್ತದೆ. ನಿಮ್ಮ ಗಾಡಿಯ ಪುಸ್ತಕ ಒಪ್ಪುವುದಾದರೆ ಚಳಿಗಾಲಕ್ಕೆ 15ಡಬ್ಲ್ಯೂ-40 ಒಳ್ಳೆಯದು.

ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಡೀಸೆಲ್ ವಾಸನೆ ಇದ್ದು ಮಟ್ಟವೂ ಏರಿದ್ದರೆ ಆಯಿಲ್‌ಗೆ ಡೀಸೆಲ್ ಸೇರುತ್ತಿದೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ತಳ್ಳುವ ಫೀಡ್ ಪಂಪಿನ ಒಳಗಿನ ಚರ್ಮ ಹರಿದಿರಬಹುದು, ನಾಝಲ್ ಸುರಿಯುತ್ತಿರಬಹುದು. ಕಾರಣ ಹುಡುಕಿ ಆಯಿಲ್ ಬದಲಿಸುವ ತನಕ ಗಾಡಿ ದುಡಿಸಬೇಡಿ, ಬೇರಿಂಗ್ ಹೋಗುತ್ತದೆ.

4. ಡೀಸೆಲ್ ದಾರಿ

ಟ್ಯಾಂಕಿನಿಂದ ಶುರುಮಾಡಿ. ಗಾಡಿ ನಿಂತುಹೋದ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. "ಸುಸ್" ಎಂದು ಗಾಳಿ ಒಳಗೆ ಎಳೆದರೆ ಮುಚ್ಚಳದ ಸಣ್ಣ ತೂತು ಕಟ್ಟಿದೆ ಎಂದು ಲೆಕ್ಕ. ಸೀಮೆಎಣ್ಣೆಯಲ್ಲಿ ತೊಳೆದು ಊದಿದರೆ ಮುಗಿಯಿತು.

ಆಮೇಲೆ ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಹಿಡಿಯಿರಿ. ಹತ್ತು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ರಾತ್ರಿ ಇಬ್ಬನಿ ಕಟ್ಟಿ ಕೆಳಗಿಳಿಯುತ್ತದೆ. ಮಲೆನಾಡು, ಕೊಡಗಿನ ಕಡೆ ಇದು ಜಾಸ್ತಿ. ಕಪ್ಪಗೆ ಲೋಳೆಯಾಗಿ ಬಂದರೆ ಟ್ಯಾಂಕನ್ನೇ ಇಳಿಸಿ ತೊಳೆಯಬೇಕು, ಸುಮ್ನೆ ಫಿಲ್ಟರ್ ಬದಲಿಸಿದರೆ ವಾರದಲ್ಲಿ ಮತ್ತೆ ಕಟ್ಟುತ್ತದೆ.

ಡೀಸೆಲ್ ಗಟ್ಟಿಯಾಗುತ್ತದಾ ಎಂದು ಹಲವರು ಕೇಳುತ್ತಾರೆ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ, ಚಳಿ ಜಾಸ್ತಿಯಾದರೆ ಅದು ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ನಮ್ಮ ದೇಶದ ಡೀಸೆಲ್ ಗುಣಮಟ್ಟದ ನಿಯಮದಲ್ಲಿ ನವೆಂಬರಿನಿಂದ ಫೆಬ್ರವರಿ ತನಕ ಚಳಿಗಾಲ ಎಂದು ಲೆಕ್ಕ. ಆಗ ಮಾರುವ ಡೀಸೆಲ್ 6 ಡಿಗ್ರಿ ತನಕ ಫಿಲ್ಟರಿನಲ್ಲಿ ಹಾದುಹೋಗಬೇಕು. ಉಳಿದ ತಿಂಗಳ ಡೀಸೆಲ್‌ಗೆ ಆ ಮಿತಿ 18 ಡಿಗ್ರಿ. ಈಗಷ್ಟೇ ಬಂಕಿನಿಂದ ತಂದ ಡೀಸೆಲ್ ಕರ್ನಾಟಕದ ಚಳಿಗೆ ಮೇಣಗಟ್ಟುವುದು ಅಪರೂಪ. ಆದರೆ ಮೇ ತಿಂಗಳಲ್ಲಿ ಬ್ಯಾರೆಲ್ಲಿಗೆ ತುಂಬಿಟ್ಟ ಡೀಸೆಲನ್ನು ಡಿಸೆಂಬರಿನಲ್ಲಿ ಹಾಕುತ್ತಿದ್ದರೆ ಸಂಶಯಪಡಿ. ಅದನ್ನು ಬೆಳಗಿನ ಜಾವ ಬಾಟಲಿಯಲ್ಲಿಟ್ಟು ನೋಡಿ. ಮಸುಕಾಗಿದ್ದು ಬಿಸಿಲಿಗಿಟ್ಟಾಗ ತಿಳಿಯಾದರೆ ಅದು ಮೇಣ. ಆ ಡೀಸೆಲನ್ನು ಮಧ್ಯಾಹ್ನದ ಕೆಲಸಕ್ಕೆ ಬಳಸಿ ಮುಗಿಸಿ.

ಸೀಮೆಎಣ್ಣೆ ಬೆರೆಸಿದರೆ ಸರಿಹೋಗುತ್ತದೆ ಎಂಬ ಸಲಹೆ ನಿಮಗೂ ಬಂದಿರಬಹುದು. ಬೇಡ. ಡೀಸೆಲ್ ಪಂಪಿನ ಒಳಗಿನ ನುಣುಪಾದ ಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ.

ಫಿಲ್ಟರ್ ಕೊನೇ ಸಲ ಯಾವಾಗ ಬದಲಾಯಿತು ಎಂದು ನೆನಪಿಲ್ಲದಿದ್ದರೆ ಎರಡೂ ಫಿಲ್ಟರನ್ನು ಈಗಲೇ ಬದಲಿಸಿ. ರಬ್ಬರ್ ರಿಂಗುಗಳೂ ಹೊಸವೇ ಇರಲಿ.

5. ಏರ್ ತೆಗೆಯುವುದು

ಪೈಪಿನಲ್ಲಿ ಗಾಳಿ ಸೇರಿದರೆ ಪಂಪು ಒತ್ತುವುದು ಗಾಳಿಯನ್ನು, ಡೀಸೆಲನ್ನಲ್ಲ. ಇದಕ್ಕೇ ಏರ್ ಹಿಡಿಯುವುದು ಎನ್ನುತ್ತೇವೆ. ಸಂಜೆ ಚೆನ್ನಾಗಿ ಓಡಿದ ಗಾಡಿ ಬೆಳಿಗ್ಗೆ ಹೊಗೆಯನ್ನೇ ಬಿಡದಿದ್ದರೆ ರಾತ್ರಿ ಎಲ್ಲೋ ಗಾಳಿ ಎಳೆದುಕೊಂಡಿದೆ. ಫಿಲ್ಟರ್ ಬದಲಿಸಿದ ಮೇಲೂ ಏರ್ ತೆಗೆಯಲೇಬೇಕು.

ಟ್ಯಾಂಕಿನಲ್ಲಿ ಡೀಸೆಲ್ ಸಾಕಷ್ಟಿರಲಿ, ಕಾಕ್ ತೆರೆದಿರಲಿ. ಮೊದಲ ಫಿಲ್ಟರಿನ ತಲೆಯ ಮೇಲಿನ ಬ್ಲೀಡಿಂಗ್ ಸ್ಕ್ರೂ, ಅಂದರೆ ಗಾಳಿ ಬಿಡುವ ಸಣ್ಣ ಬೋಲ್ಟು, ಎರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಪಂಪು ಒತ್ತುತ್ತಾ ಹೋಗಿ. ನೊರೆ ನೊರೆಯಾಗಿ ಬರುತ್ತದೆ. ಗುಳ್ಳೆ ನಿಂತು ಡೀಸೆಲ್ ಧಾರೆಯಾದಾಗ, ಧಾರೆ ಹರಿಯುತ್ತಿರುವಾಗಲೇ ಬಿಗಿಮಾಡಿ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಡೀಸೆಲ್ ಪಂಪಿನ ಮೇಲಿನ ಸ್ಕ್ರೂ. ಇದೇ ಕ್ರಮ, ಹಿಂದುಮುಂದು ಆಗಬಾರದು. ಕೈಪಂಪು ಸಡಿಲವಾಗಿ ಆಡುತ್ತಿದ್ದರೂ ಡೀಸೆಲ್ ಬರದಿದ್ದರೆ ಎಂಜಿನ್ನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಕೆಲವು ಪಂಪುಗಳಲ್ಲಿ ಒಳಗಿನ ಕ್ಯಾಮ್ ಎತ್ತಿ ಹಿಡಿದಿರುತ್ತದೆ.

ಇಷ್ಟಕ್ಕೂ ಹಿಡಿಯದಿದ್ದರೆ ನಾಝಲ್ಲಿನ ತುದಿಯಲ್ಲಿರುವ ಪೈಪ್ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಮಾಡಿ. ಇಲ್ಲಿ ಹುಷಾರು. ಕೈ, ಮುಖ ದೂರ ಇರಲಿ, ನಟ್ಟಿನ ಮೇಲೆ ಬಟ್ಟೆ ಮುಚ್ಚಿ. ನಾಝಲ್ಲಿನ ಒತ್ತಡ 200 ಬಾರ್ ಆಸುಪಾಸು, ಅಂದರೆ ಟ್ರ್ಯಾಕ್ಟರ್ ಟಯರಿನ ಗಾಳಿಯ ನೂರು ಪಟ್ಟು. ಆ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳು ಕತ್ತರಿಸುವ ಸ್ಥಿತಿ ಬರಬಹುದು. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ.

ಏರ್ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ತೆಗೆಯುತ್ತಾ ಕೂರಬೇಡಿ, ಬರುವ ದಾರಿ ಮುಚ್ಚಿ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಇರುವ ಪೈಪು ಡೀಸೆಲ್ ಎಳೆಯುವ ಕಡೆ. ಅಲ್ಲಿನ ಬಿರುಕು ಹೊರಗೆ ತೊಟ್ಟಿಕ್ಕದೇ ಇರಬಹುದು, ಆದರೆ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹಳೇ ರಬ್ಬರ್ ಪೈಪು ಚಳಿಗೆ ಸೆಟೆದು ಕ್ಲಿಪ್ಪಿನ ಹತ್ತಿರ ಸಡಿಲವಾಗುತ್ತದೆ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಸ್ವಲ್ಪ ಹೊತ್ತು ಪಾರದರ್ಶಕ ಪೈಪು ಹಾಕಿ ಓಡಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಬೋಲ್ಟಿನ ಕೆಳಗಿನ ತಾಮ್ರದ ವಾಷರುಗಳನ್ನು ಹಳೆಯದನ್ನೇ ಬಿಗಿದು ಬಿಗಿದು ಹಾಕಬೇಡಿ.

6. ಏರ್ ಕ್ಲೀನರ್ ಮತ್ತು ಹೀಟರ್

ಹಳೇ ಗಾಡಿಗಳಲ್ಲಿ ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಗೆರೆಗಿಂತ ಮೇಲೆ ಆಯಿಲ್ ತುಂಬಿದ್ದರೆ, ಇಲ್ಲವೇ ಕೆಸರಾಗಿದ್ದರೆ ಚಳಿಯಲ್ಲಿ ಉಸಿರು ಕಟ್ಟುತ್ತದೆ. ತೊಳೆದು ಗೆರೆ ತನಕ ಮಾತ್ರ ತುಂಬಿಸಿ.

ಹಳೇ ಮ್ಯಾಸ್ಸಿ, ಫೋರ್ಡ್ ಗಾಡಿಗಳಲ್ಲಿ ಗಾಳಿ ಹೋಗುವ ಮ್ಯಾನಿಫೋಲ್ಡಿನ ಮೇಲೆ ಥರ್ಮೋಸ್ಟಾರ್ಟ್ ಎಂಬ ಸಣ್ಣ ಹೀಟರ್ ಇರುವುದುಂಟು. ಕೀಯನ್ನು ಹೀಟ್ ಎಂಬಲ್ಲಿ 15ರಿಂದ 20 ಸೆಕೆಂಡ್ ಹಿಡಿದರೆ ಒಳಗಿನ ಸುರುಳಿ ಕಾದು, ಹನಿ ಹನಿ ಡೀಸೆಲ್ ಉರಿದು, ಒಳಹೋಗುವ ಗಾಳಿ ಬಿಸಿಯಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಅದರ ವೈರು ಕತ್ತರಿಸಿ ಬಿಟ್ಟಿರುತ್ತಾರೆ. ವೈರು ಜೋಡಿಸಿ, ಕರೆಂಟ್ ಬರುತ್ತದಾ, ಅದಕ್ಕೆ ಹೋಗುವ ಸಣ್ಣ ಪೈಪಿನಲ್ಲಿ ಡೀಸೆಲ್ ಇದೆಯಾ ನೋಡಿ. ಎರಡೂ ಬೇಕು.

ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು, ಉರಿಯುವ ಚಿಂದಿ ಹಿಡಿಯುವುದು ಬೇಡವೇ ಬೇಡ. ಪೆಟ್ರೋಲ್, ಈಥರ್ ಎರಡೂ ಹೊತ್ತಲ್ಲದ ಹೊತ್ತಿಗೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿಯುತ್ತವೆ. ರಿಂಗ್ ಮುರಿಯುತ್ತದೆ, ಪಿಸ್ಟನ್ ಬಿರಿಯುತ್ತದೆ. ಹೀಟರ್ ಇರುವ ಎಂಜಿನ್‌ನಲ್ಲಿ ಬೆಂಕಿಯೇ ಹೊರಬರಬಹುದು. ಆಯಿಲ್ ಚೇಂಬರಿನ ಕೆಳಗೆ ಬೆಂಕಿ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ.

7. ಥರ್ಮೋಸ್ಟಾಟ್: ದಯವಿಟ್ಟು ವಾಪಸ್ ಹಾಕಿಸಿ

ಥರ್ಮೋಸ್ಟಾಟ್ ಅಂದರೆ ಎಂಜಿನ್ ನೀರಿನ ದಾರಿಯಲ್ಲಿರುವ ಬಾಗಿಲು. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಸುಮಾರು 80 ಡಿಗ್ರಿ ಆದಾಗ ತೆರೆಯುತ್ತದೆ.

ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ ಎಂದು ಇದನ್ನು ಕಿತ್ತು ಬಿಸಾಕುವ ರೂಢಿ ನಮ್ಮಲ್ಲಿ ಬಹಳ. ಆ ಹೊತ್ತಿಗೆ ಪರಿಹಾರ ಸಿಕ್ಕಂತೆ ಕಾಣುತ್ತದೆ. ಆದರೆ ಚಳಿಗಾಲ ಬಂದಾಗ ಆ ಎಂಜಿನ್ ಇಡೀ ದಿನ ಬಿಸಿಯೇ ಆಗುವುದಿಲ್ಲ. ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಅರ್ಧ ಸುಟ್ಟು, ಉಳಿದದ್ದು ಗೋಡೆಗೆ ಅಂಟಿದ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಬಿಳಿ ಹೊಗೆ, ಬಲ ಕಡಿಮೆ, ಡೀಸೆಲ್ ಖರ್ಚು ಜಾಸ್ತಿ, ರಿಂಗ್ ಮತ್ತು ಲೈನರ್ ಬೇಗ ಸವೆತ. ಎಂಜಿನ್ ಕೆಲಸಕ್ಕೆ ಬಂತು ಎನ್ನುವ ಎಷ್ಟೋ ಗಾಡಿಗಳು ಆ ಸ್ಥಿತಿಗೆ ಬಂದಿರುವುದು ಈ ಒಂದು ಸಣ್ಣ ಬಿಲ್ಲೆ ಇಲ್ಲದೆ. ಕೆಲವು ಎಂಜಿನ್‌ಗಳಲ್ಲಿ ಇದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ ಕಾಯುವುದೂ ಇದೆ.

ಇದೆಯೋ ಇಲ್ಲವೋ ನೋಡಲು ಬಿಚ್ಚಬೇಕಾಗಿಲ್ಲ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಪೈಪು ಮುಟ್ಟಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಇದೆ, ಕೆಲಸ ಮಾಡುತ್ತಿದೆ. ಮೊದಲಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ ಅದು ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಹೊಸದನ್ನು ಹಾಕುವ ಮೊದಲು ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ, ಬಾಯಿ ತೆರೆಯುವುದನ್ನು ನೋಡಿಕೊಳ್ಳಿ.

ಬೇಸಿಗೆಯಲ್ಲಿ ಕಾಯುವ ಗಾಡಿಗೆ ಮದ್ದು ಬೇರೆ. ರೇಡಿಯೇಟರ್ ಒಳಗೆ ಹೊರಗೆ ತೊಳೆಸಿ, ಬೆಲ್ಟ್ ಬಿಗಿ ಮಾಡಿ, ನೀರಿನ ಪಂಪು ನೋಡಿಸಿ.

8. ನಾಝಲ್, ಪಂಪು

ಒಂದೇ ಸಿಲಿಂಡರ್ ಕುಂಟುತ್ತಿದ್ದರೆ ಅದು ಯಾವುದೆಂದು ಹೀಗೆ ಹಿಡಿಯಿರಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಸೈಲೆನ್ಸರ್ ಮ್ಯಾನಿಫೋಲ್ಡಿನ ಒಂದೊಂದು ಕವಲಿನ ಮೇಲೂ ನೀರು ಹನಿಸಿ. ಎರಡರಲ್ಲಿ ನೀರು ಬೇಗ ಆರಿ, ಒಂದರಲ್ಲಿ ಹಾಗೇ ನಿಂತರೆ ಆ ಸಿಲಿಂಡರ್ ಉರಿಯುತ್ತಿಲ್ಲ.

ಆ ನಾಝಲ್ ಬಿಚ್ಚಿಸಿ ಪಂಪು-ನಾಝಲ್ ಅಂಗಡಿಗೆ ಕೊಡಿ. ಒತ್ತಡ ಎಷ್ಟಕ್ಕೆ ತೆರೆಯುತ್ತದೆ, ಮಂಜಿನಂತೆ ಎರಚುತ್ತದಾ, ಆಮೇಲೆ ತುದಿಯಲ್ಲಿ ತೊಟ್ಟಿಕ್ಕುತ್ತದಾ ಎಂದು ನಿಮ್ಮ ಎದುರಿಗೇ ತೋರಿಸಲು ಕೇಳಿ. ತೊಟ್ಟಿಕ್ಕುವ ನಾಝಲ್ ಬಿಸಿ ಎಂಜಿನ್‌ನಲ್ಲಿ ಹೇಗೋ ನಡೆಯುತ್ತದೆ, ಚಳಿಯಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ತಂತಿ ಹಾಕಿ ತೂತು ಚುಚ್ಚಬೇಡಿ. ವಾಪಸ್ ಹಾಕುವಾಗ ಹಳೇ ತಾಮ್ರದ ವಾಷರ್ ಗುಂಡಿಯಲ್ಲೇ ಉಳಿದಿದೆಯಾ ನೋಡಿ. ಎರಡು ವಾಷರ್ ಕೂತರೆ ನಾಝಲ್ ಮೇಲೆ ನಿಲ್ಲುತ್ತದೆ, ಎರಚುವ ಜಾಗವೇ ತಪ್ಪುತ್ತದೆ.

ಡೀಸೆಲ್ ಪಂಪನ್ನು ನಮ್ಮ ಕಡೆ ಇಂದಿಗೂ ಮೈಕೋ ಪಂಪು ಎಂದೇ ಕರೆಯುವುದು. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು, ಅಂಗಡಿಯಲ್ಲಿ ಎರಡೂ ಹೆಸರು ಕೇಳಿದರೆ ಗಾಬರಿ ಬೇಡ. ಪಂಪಿನ ಟೈಮಿಂಗ್, ಸೀಲ್ ಹಾಕಿದ ಸ್ಕ್ರೂಗಳನ್ನು ನೀವು ಮುಟ್ಟಬೇಡಿ. ಅದಕ್ಕೆ ಪರೀಕ್ಷಾ ಬೆಂಚ್ ಇರುವ ಅಂಗಡಿಯೇ ಬೇಕು. ಕುದಿನೀರನ್ನು ತಣ್ಣಗಿನ ಪಂಪಿನ ಮೇಲೆ ಸುರಿಯುವುದೂ ತಪ್ಪು, ಒಳಗಿನ ಭಾಗ ಹಿಡಿದುಕೊಳ್ಳುತ್ತದೆ.

9. ಕೊನೆಗೆ ಕಂಪ್ರೆಶನ್

ಇಷ್ಟೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಮಾತ್ರ ಎಂಜಿನ್ ಒಳಗೆ ನೋಡಿ. ಅದರಲ್ಲೂ ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು. ಹಲವು ಹಳೇ ಎಂಜಿನ್‌ಗಳಿಗೆ ಅದು 0.25ರಿಂದ 0.30 ಮಿಲಿಮೀಟರ್, ನಿಮ್ಮದರ ಅಳತೆ ಪುಸ್ತಕದಲ್ಲಿ ನೋಡಿ. ಗ್ಯಾಪ್ ಇಲ್ಲದೆ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಗಾಳಿ ಸೋರುತ್ತದೆ.

ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಅದುಮಿದ ಗಾಳಿಯ ಒತ್ತಡ, ಅಳೆಯುವ ಗೇಜ್ ಹಾಕಿಸಿ. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಎರಡು ಸಿಲಿಂಡರ್ 27 ಬಾರ್ ತೋರಿಸಿ ಒಂದು 20 ತೋರಿಸಿದರೆ ಆ ಒಂದರಲ್ಲಿ ರಿಂಗ್ ಅಥವಾ ವಾಲ್ವ್ ಕೆಟ್ಟಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದರೆ ರಿಂಗ್ ಕಡೆ ಬೊಟ್ಟು ಮಾಡುತ್ತದೆ. ಫಿಟ್ಟರ್ ಹತ್ತಿರ ಹೋಗುವಾಗ ಈ ತನಕ ಅಳೆದ ವೋಲ್ಟ್, ಹೊಗೆಯ ಬಣ್ಣ, ಬದಲಿಸಿದ ಸಾಮಾನು ಎಲ್ಲ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಅವರಿಗೂ ಅರ್ಧ ಕೆಲಸ ಉಳಿಯುತ್ತದೆ.

10. ಚಳಿ ಮುಗಿಯುವ ತನಕ ದಿನದ ರೂಢಿ

ಬೆಳಿಗ್ಗೆ ಪಿಟಿಒ (ಹಿಂದೆ ಜೋಡಿಸಿದ ಯಂತ್ರ ತಿರುಗಿಸುವ ಶಾಫ್ಟ್) ಬಿಡಿಸಿ, ಹೈಡ್ರಾಲಿಕ್ ಲಿವರ್ ಕೆಳಗಿಳಿಸಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಕ್ಲಚ್ ಒತ್ತಿದರೆ ಗೇರ್‌ಬಾಕ್ಸಿನ ಗಟ್ಟಿ ಆಯಿಲನ್ನು ಎಂಜಿನ್ ಕಡೆಯಬೇಕಾಗುವುದಿಲ್ಲ. ಇದೊಂದರಿಂದಲೇ ಸೆಲ್ಫ್ ಹಗುರವಾಗುವುದು ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಸ್ಟಾರ್ಟ್ ಆದ ಕೂಡಲೇ ಜೋರಾಗಿ ಆಕ್ಸಿಲರೇಟರ್ ಕೊಡಬೇಡಿ, ಆಯಿಲ್ ಮೇಲೇರಲಿ. ಮೂರರಿಂದ ಐದು ನಿಮಿಷ ಸ್ವಲ್ಪ ಏರಿಸಿದ ಆಕ್ಸಿಲರೇಟರ್‌ನಲ್ಲಿ ಬಿಟ್ಟು, ಆಮೇಲೆ ಹಗುರವಾದ ಕೆಲಸಕ್ಕೆ ಹೊರಡಿಸಿ. ಅರ್ಧ ಗಂಟೆ ಸುಮ್ನೆ ಗುರ್‌ಗುಟ್ಟಿಸಿದರೆ ಎಂಜಿನ್ ಬಿಸಿಯಾಗುವುದಿಲ್ಲ, ಡೀಸೆಲ್ ಮಾತ್ರ ಖರ್ಚಾಗುತ್ತದೆ.

ಸಂಜೆ ಕೆಲಸ ಮುಗಿಸಿ ಬಂದಾಗಲೇ ಟ್ಯಾಂಕ್ ತುಂಬಿಸಿಡಿ, ಇಬ್ಬನಿಗೆ ಜಾಗ ಇರುವುದಿಲ್ಲ. ಬಾನೆಟ್ ಮೇಲೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮರೆಯದೆ ತೆಗೆಯಿರಿ. ಶೆಡ್ ಇಲ್ಲದಿದ್ದರೆ ಗಾಡಿಯ ಮುಖ ಮೂಡಣಕ್ಕಿರಲಿ. ಬೆಳಗಿನ ಮೊದಲ ಬಿಸಿಲು ಎಂಜಿನ್ ಮೇಲೇ ಬೀಳುತ್ತದೆ.